ಮನೆಗೆ ತಕ್ಕ ನೆಲಹಾಸು

ಮನೆ ಕಟ್ಟುವಾಗ ಬಾಗಿಲಿನ ಮರವನ್ನು ಹತ್ತು ಜನರಲ್ಲಿ ವಿಚಾರಿಸಿ ಕೊಳ್ಳುವ ಗೃಹಸ್ಥರು ನೆಲಹಾಸನ್ನು ಮಾತ್ರ ಗೃಹಪ್ರವೇಶಕ್ಕೆ ಎರಡು ದಿನ ಉಳಿದಿರುವಾಗ ಅಂಗಡಿಗೆ ಹೋಗಿ, ಬಣ್ಣವನ್ನಷ್ಟೇ ನೋಡಿ, ಅರ್ಧ ಗಳಿಗೆಯಲ್ಲಿ ಕೊಂಡುತರುತ್ತಾರೆ. ಮನೆಯ ಸಾಮಾನುಗಳಲ್ಲಿ ನೆಲಹಾಸಿನಷ್ಟು ತಾಳಿಕೊಳ್ಳಬೇಕಾದುದು ಮತ್ತೊಂದಿಲ್ಲ. ಮಗು ತೆವಳುವುದು ಅದರ ಮೇಲೆ; ಬಂದ ಬಂಧುಗಳು ಕುಳಿತುಕೊಳ್ಳುವುದು ಅದರ ಮೇಲೆ; ಮೊಣಕಾಲು ನೋವಿನ ಅಜ್ಜಿ ನಡುರಾತ್ರಿ ಎದ್ದು ಕತ್ತಲಲ್ಲಿ ಕಾಲಿಡುವುದೂ ಅದರ ಮೇಲೆಯೇ. ಆದುದರಿಂದ ಯಾರು ಕೂರುತ್ತಾರೆ, ಯಾವ ನೆಲದ ಮೇಲೆ ಕೂರುತ್ತಾರೆ, ಅದನ್ನು ಯಾರ ಕೈ ನೇಯ್ದಿತು ಎಂಬ ಮೂರು ವಿಚಾರಗಳನ್ನು ಮೊದಲು ಇತ್ಯರ್ಥ ಮಾಡಿಕೊಂಡು, ಬಣ್ಣದ ಮಾತನ್ನು ಕಡೆಗೆ ಆಡುವುದು ವಿವೇಕವೆಂದು ನಮಗೆ ತೋರುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಸಮಾಜದ ಮನೆಗಳು ಹೆಚ್ಚಿಲ್ಲ. ಇರುವಷ್ಟು ಮನೆಗಳಿಗೂ ಒಂದು ಕಡೆ ತೆಲುಗು, ಇನ್ನೊಂದು ಕಡೆ ತಮಿಳು, ಮತ್ತೊಂದು ಕಡೆ ಉರ್ದು ಮಾತಿನ ನೆರೆ. ನೆಲಹಾಸಿನ ಹೆಸರುಗಳಲ್ಲಿಯೂ ಈ ನೆರೆಹೊರೆ ಕಾಣುತ್ತದೆ. ಕನ್ನಡದವರು ಕಂಬಳಿಯೆನ್ನುವುದನ್ನು ತೆಲುಗಿನವರು ಗೊಂಗಡಿಯೆನ್ನುತ್ತಾರೆ; ಹತ್ತಿಯ ದಪ್ಪ ಹಾಸಿಗೆ ಪಾರಸಿ ಮೂಲದ ಜಮಖಾನವೆಂಬ ಹೆಸರನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ. ಗಂಟು ಹಾಕಿ ನೇಯ್ದ, ಮೆತ್ತನೆಯ ಕುಚ್ಚು ಮೇಲೆದ್ದಿರುವ ಬೆಲೆಬಾಳುವ ಹಾಸು ರತ್ನಗಂಬಳಿ. ಅದನ್ನು ನಮ್ಮವರು ಕಂಬಳಿಯ ಬಳಗಕ್ಕೇ ಸೇರಿಸಿದರೆಂಬುದನ್ನು ಗಮನಿಸಬೇಕು. ಕಂಬಲವೆಂಬ ಶಬ್ದವು ಅಥರ್ವವೇದದಲ್ಲಿಯೇ ಬರುವಷ್ಟು ಹಳೆಯದು. ಅರಮನೆಯ ಹಾಸಿಗೆ ಕುರಿಗಾಹಿಯ ಹೊದಿಕೆಯ ಹೆಸರೇ ಆಧಾರವಾಯಿತು.

ಕೋಲಾರವೆಂದರೆ ಚಿನ್ನವೆಂದು ಲೋಕ ಹೇಳುತ್ತದೆ. ಗಣಿ 2001ರಲ್ಲಿ ಮುಚ್ಚಿತು. ಮಾತು ಮಾತ್ರ ಉಳಿಯಿತು. ಆದರೆ ಗಣಿಯು ಭರಾಟೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ, ಅಂದರೆ 1911ರಲ್ಲಿ, ಪ್ರಕಟವಾದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಆವೃತ್ತಿಯು ಕೋಲಾರ ಪಟ್ಟಣದ ಉದ್ಯಮಗಳೆಂದು ಎರಡನ್ನು ಹೆಸರಿಸುತ್ತದೆ: ಒಂದು, ಕಂಬಳಿ ನೇಯ್ಗೆ; ಇನ್ನೊಂದು, ಹೊರ ಊರುಗಳಿಗೆ ಕಳುಹಿಸುವುದಕ್ಕಾಗಿ ಟರ್ಕಿ ಕೋಳಿಗಳ ಸಾಕಣೆ. ಟರ್ಕಿ ಕೋಳಿ ಯಾರ ಊಟಕ್ಕೆ ಹೋಗುತ್ತಿತ್ತೆಂಬುದನ್ನು ಬೆಂಗಳೂರಿನ ದಂಡುಪ್ರದೇಶವನ್ನು ಬಲ್ಲವರು ಊಹಿಸಬಹುದು. ನಮಗೆ ಆ ಗೊಡವೆ ಬೇಡ. ಕಂಬಳಿಯ ಮಾತು ಮಾತ್ರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ದೂರದ ಪರ್ಷಿಯಾ, ಕಾಶ್ಮೀರಗಳ ಹೆಸರು ಹೇಳಿ ಮಾರುವ ಹಾಸುಗಳಿಗೆ ಕೈಯೊಡ್ಡುವ ಕೋಲಾರದ ಮನೆಗಳು, ನೆಲಹಾಸು ತಮ್ಮ ಊರಿನದೇ ಕಸುಬಾಗಿತ್ತೆಂಬುದನ್ನು ಮರೆತಿವೆ.

ಕಂಬಳಿ ಸಿದ್ಧವಾಗುವ ಬಗೆಯನ್ನು ಇಂದಿನ ಮಕ್ಕಳಿಗೆ ಹೇಳಬೇಕಾಗಿದೆ. ಕುರಿಗಳನ್ನು ನೀರಿನಲ್ಲಿ ಮೀಯಿಸಿ, ಒಣಗಿದ ಮೇಲೆ ಉಣ್ಣೆ ಕತ್ತರಿಸುತ್ತಾರೆ. ಕಪ್ಪು, ಕಂದು, ಬಿಳಿ ಎಂದು ಬಣ್ಣ ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಬಡಿದು ಎಳೆ ಬಿಡಿಸುತ್ತಾರೆ. ನೂಲುವುದು ಹೆಚ್ಚಾಗಿ ಹೆಂಗಸರ ಕೆಲಸ. ಹಾಸುನೂಲಿಗೆ ಹುಣಸೆ ಬೀಜದ ಗಂಜಿಯನ್ನು ಹಚ್ಚಿ, ಕುಂಚದಿಂದ ತೀಡಿ ಬಿಗಿಮಾಡಿ, ಗುಣಿಮಗ್ಗದಲ್ಲಿ ನೇಯುತ್ತಾರೆ. ಬಣ್ಣ ಕುರಿಯ ಮೈಯದೇ ಆದುದರಿಂದ ಅದು ತೊಳೆದರೆ ಹೋಗುವುದಿಲ್ಲ. ಹೊಸ ಕಂಬಳಿ ರಟ್ಟಿನಂತೆ ಬಿರುಸಾಗಿರುವುದು ಗಂಜಿಯಿಂದ, ಬಳಸಿದಂತೆಲ್ಲ ಮೆತ್ತಗಾಗುತ್ತದೆ. ಅಂಗಡಿಯಲ್ಲಿ ಮುಟ್ಟಿ ನೋಡಿ ಒರಟೆಂದು ಬಿಟ್ಟುಬರುವವರು ಇದನ್ನು ತಿಳಿದಿರುವುದಿಲ್ಲ.

ಕುರಿ ಕಾಯುವ ಕಾಯಕಕ್ಕೆ ಶರಣ ಪರಂಪರೆಯಲ್ಲಿ ಗೌರವದ ಸ್ಥಾನವಿದೆ. ಸಿಂದಗಿ ಸೀಮೆಯ ಗೊಲಗೇರಿಯ ವೀರಗೊಲ್ಲಾಳನು ಶ್ರೀಶೈಲಕ್ಕೆ ಹೊರಟ ಗುರುವಿನಲ್ಲಿ ತನಗೊಂದು ಲಿಂಗವನ್ನು ತಂದುಕೊಡಬೇಕೆಂದು ಬೇಡಿಕೊಂಡನಂತೆ. ಮರೆತು ಬಂದ ಗುರು ಕುರಿಯ ಹಿಕ್ಕೆಯನ್ನೇ ಕೊಟ್ಟನಂತೆ. ಗೊಲ್ಲಾಳನ ನಿಷ್ಠೆಗೆ ಅದೇ ಲಿಂಗವಾಯಿತಂತೆ. ಜೇಡರ ದಾಸಿಮಯ್ಯನು ಮಗ್ಗದ ಮುಂದೆ ಕುಳಿತ ಶರಣ. ಕುರಿಯವನೂ ನೇಕಾರನೂ ಕೂಡಿ ಕೊಟ್ಟ ಹಾಸಿನ ಮೇಲೆ ಕುಳಿತು ಅದನ್ನು ಕೀಳೆಂದು ಎಣಿಸುವುದು ನಮ್ಮ ಮನೆಗಳಿಗೆ ಒಪ್ಪುವ ನಡತೆಯಲ್ಲ.

ಹಾಗೆಂದು ಎಲ್ಲ ಕೋಣೆಗೂ ಕಂಬಳಿಯನ್ನೇ ಹಾಸಬೇಕೆಂದು ನಾವು ಹೇಳುವುದಿಲ್ಲ. ದಖ್ಖಣದ ಕುರಿಯ ಉಣ್ಣೆ ಒರಟು, ಎಳೆಯ ಮಗುವಿನ ಚರ್ಮಕ್ಕೆ ಚುಚ್ಚುತ್ತದೆ, ಕೂದಲು ಉದುರಿಸುತ್ತದೆ. ದಮ್ಮಿನ ಕಾಯಿಲೆಯವರಿರುವ ಮನೆಯಲ್ಲಿ ಉಣ್ಣೆಯಾಗಲಿ, ಎತ್ತರದ ಕುಚ್ಚಿನ ರತ್ನಗಂಬಳಿಯಾಗಲಿ ಬೇಡ. ಒಗೆಯಲು ಬರುವ ಹತ್ತಿಯ ಜಮಖಾನವೇ ಮೇಲು. ಗುಣದೋಷಗಳನ್ನು ಎರಡೂ ಕಡೆ ತೂಗಿಯೇ ಆರಿಸಬೇಕು.

ನೆಲಹಾಸಿನ ಆಯ್ಕೆಯಲ್ಲಿ ಸೀಮೆಯ ಗುಣಕ್ಕೆ ದೊಡ್ಡ ಪಾತ್ರವಿದೆ. ಕೋಲಾರವು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದ್ದು, ಪುಷ್ಯ ಮಾಘಗಳಲ್ಲಿ ಬೆಳಗಿನ ನೆಲ ಕೊರೆಯುತ್ತದೆ. ಬೇಸಗೆಯ ಗಾಳಿ ಹೊಲಗಳ ಕೆಂಪು ಧೂಳನ್ನು ಮನೆಯೊಳಗೆ ತರುತ್ತದೆ. ತುಂಬಿ ಹರಿಯುವ ನದಿಯೊಂದೂ ಇಲ್ಲದ ನಾಡು. ಕೆರೆಗಳನ್ನು ನಂಬಿದ್ದ ಜನ ಆಮೇಲೆ ಸಾವಿರ ಅಡಿಗೂ ಆಳದ ಕೊಳವೆಬಾವಿಗಳನ್ನು ನಂಬಬೇಕಾಯಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೆಲವು ಕೆರೆಗಳಿಗೆ ಬಂದಿದೆಯಾದರೂ ಮನೆಯಲ್ಲಿ ನೀರನ್ನು ಅಳೆದು ಬಳಸುವ ಅಭ್ಯಾಸವನ್ನು ಬಿಡುವಂತಿಲ್ಲ. ಇಂಥ ಸೀಮೆಯಲ್ಲಿ ಬಿಳಿಯ ಅಥವಾ ಹಾಲುಕೆನೆಯ ಬಣ್ಣದ ಹಾಸು ಕೊಂಡರೆ ವಾರದೊಳಗೆ ಅದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ತೊಳೆಯಲು ನೀರು ಸಾಲದು. ಗಡಸು ನೀರಿನಲ್ಲಿ ತೊಳೆದರೆ ಉಪ್ಪಿನ ಬಿಳುಪು ಕೂರುತ್ತದೆ. ಕಂದು, ಕಾವಿಗೆಂಪು, ಬೂದಿ ಬಣ್ಣಗಳು ನಮ್ಮ ನೆಲಕ್ಕೆ ಹೊಂದುತ್ತವೆ. ಅಚ್ಚಗಪ್ಪು ಹಾಸು ಕೊಳೆಯನ್ನು ಮುಚ್ಚುತ್ತದೆಂಬುದು ಭ್ರಮೆ. ವಿಭೂತಿಯ ಒಂದು ಕಣ ಬಿದ್ದರೂ ಅದರ ಮೇಲೆ ಎದ್ದು ಕಾಣುತ್ತದೆ.

ಇನ್ನು ಮನೆಯ ನೆಲ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಹೆಂಚಿನ ಮಾಡಿನ ಕೆಳಗೆ ಸಗಣಿ ಸಾರಿಸಿದ ನೆಲವೋ ಕೆಂಪು ಗಾರೆಯ ನೆಲವೋ ಇದ್ದ ಕಾಲದಲ್ಲಿ ಚಾಪೆ ಜಾರುತ್ತಿರಲಿಲ್ಲ. ಸಾರಿಸಿದ ನೆಲಕ್ಕೆ ತೇವ ಮತ್ತು ಗೆದ್ದಲಿನ ಭಯವಿತ್ತು. ಅದಕ್ಕಾಗಿಯೇ ಹಾಸನ್ನು ಹಗಲು ಸುತ್ತಿಡುತ್ತಿದ್ದರು. ಈಗಿನ ಮನೆಗಳಲ್ಲಿ ಕನ್ನಡಿಯಂತೆ ಹೊಳೆಯುವ ಗ್ರಾನೈಟ್, ವಿಟ್ರಿಫೈಡ್ ಹೆಂಚುಗಳು. ಅವುಗಳ ಮೇಲೆ ಹಾಸಿದ ಸಣ್ಣ ಹಾಸು ಹಿರಿಯರ ಪಾಲಿಗೆ ಬಲೆಯಿದ್ದಂತೆ. ಬಚ್ಚಲಿನ ಬಾಗಿಲಲ್ಲಿ, ಮೆಟ್ಟಿಲಿನ ಕೊನೆಯಲ್ಲಿ, ಮಂಚದ ಪಕ್ಕದಲ್ಲಿ ಅಂದಕ್ಕೆಂದು ಹಾಕಿದ ಎರಡಡಿ ತುಂಡು ಹಾಸು ಜಾರಿ, ಸೊಂಟದ ಮೂಳೆ ಮುರಿದುಕೊಂಡು ಮತ್ತೆ ನಡೆದಾಡದೆ ಹೋದ ವೃದ್ಧರನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ. ಎಪ್ಪತ್ತು ದಾಟಿದವರಿರುವ ಮನೆಯಲ್ಲಿ ಸಣ್ಣ ತುಂಡುಹಾಸುಗಳೇ ಬೇಡ. ದೊಡ್ಡ ಹಾಸಿನ ಕೆಳಗೂ ಜಾರದ ರಬ್ಬರಿನ ಜಾಲರಿಯನ್ನು ಇರಿಸಬೇಕು. ಅಂಚು ಸುರುಳಿಯೇಳದಂತೆ ಒಂದು ಬದಿಯನ್ನು ಮಂಚದ ಕಾಲಿನಡಿಯೋ ಕುರ್ಚಿಯ ಕಾಲಿನಡಿಯೋ ಸಿಕ್ಕಿಸಬೇಕು. ಕೈಕೋಲು ಹಿಡಿದು ನಡೆಯುವವರ ದಾರಿಯಲ್ಲಿ ಕುಚ್ಚಿನ ಅಂಚಿರುವ ಹಾಸು ಸರ್ವಥಾ ಕೂಡದು.

ನಡುಮನೆಯ ಹಾಸಿನ ಅಳತೆಯಲ್ಲಿ ಬಹುಮಂದಿ ತಪ್ಪುವುದು ಅದು ಚಿಕ್ಕದಾಗುವುದರಿಂದ. ಕೋಣೆಯ ನಡುವೆ ಅಂಚೆಚೀಟಿ ಅಂಟಿಸಿದಂತೆ ಕಾಣುವ ಹಾಸಿನ ಮೇಲೆ ಇಬ್ಬರು ಕುಳಿತರೆ ಮೂರನೆಯವರಿಗೆ ಬರಿಯ ನೆಲ. ಗೋಡೆಯಿಂದ ಸುತ್ತಲೂ ಒಂದಡಿ ನೆಲ ಬಿಟ್ಟು ಉಳಿದುದನ್ನು ಹಾಸು ತುಂಬಬೇಕು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ 8 ಅಡಿಗೆ 10 ಅಡಿಯ ಹಾಸು ತಕ್ಕುದು. ಸೋಫಾ ಇರುವ ಮನೆಯಲ್ಲಿ ಅದರ ಮುಂದಿನ ಕಾಲುಗಳಾದರೂ ಹಾಸಿನ ಮೇಲಿರಲಿ. ಬಾಗಿಲು ತೆರೆಯುವಾಗ ಹಾಸಿನ ದಪ್ಪಕ್ಕೆ ತಗಲುವುದೇ ಎಂಬುದನ್ನೂ ನೋಡಬೇಕು. ಅಳತೆಪಟ್ಟಿಯ ಲೆಕ್ಕ ಕಣ್ಣಿಗೆ ಹೊಳೆಯದಿದ್ದರೆ, ಮನೆಯಲ್ಲಿರುವ ಹಳೆಯ ಪಂಚೆಗಳನ್ನೋ ಸೀರೆಯನ್ನೋ ಬೇಕಾದ ಅಳತೆಗೆ ಮಡಿಸಿ ನೆಲದ ಮೇಲೆ ಹರಡಿ, ಒಂದು ದಿನ ಹಾಗೆಯೇ ಬಿಟ್ಟು ಓಡಾಡಿ ನೋಡಿದರೆ ತಾಯಂದಿರಿಗೆ ತಾವಾಗಿಯೇ ತಿಳಿಯುತ್ತದೆ. ಹಾಸನ್ನು ಕೊಂಡು ತಂದ ಮೇಲೆ ಅದನ್ನು ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಲ್ಲದೆ ಬೇರೆ ಫಲವಿಲ್ಲ.

ಹಾಸಿನ ಗಾತ್ರದ ಹಿಂದೆ ಇನ್ನೊಂದು ವಿಚಾರವಿದೆ. ಅದನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಹಿಂದೆ ನಮ್ಮ ಮನೆಗಳೂ ಸೇರಿದಂತೆ ಎಷ್ಟೋ ಮನೆಗಳಲ್ಲಿ ಎರಡು ಬಗೆಯ ಹಾಸುಗಳಿದ್ದವು. ಒಂದು ಒಳಗಿನದು, ಸಮಾನರೆಂದು ಎಣಿಸಿದವರಿಗೆ. ಇನ್ನೊಂದು ಜಗಲಿಯ ಮೂಲೆಯಲ್ಲಿ ಸುತ್ತಿಟ್ಟ ಹರಕು ಚಾಪೆ, ಬಂದವರ ಕುಲವನ್ನು ತಿಳಿದ ಮೇಲೆ ಬಿಚ್ಚುವುದು. ಹೊಲದಲ್ಲಿ ದುಡಿದವನು, ಕಂಬಳಿಯನ್ನೇ ನೇಯ್ದು ತಂದವನು, ಆ ಚಾಪೆಯ ಮೇಲೂ ಕೂರದೆ ಕುಕ್ಕರುಗಾಲಿನಲ್ಲಿ ಕುಳಿತು ಹೋದುದುಂಟು. ಕಲ್ಯಾಣದ ಅನುಭವ ಮಂಟಪದಲ್ಲಿ ಮಡಿವಾಳನೂ ಅಂಬಿಗನೂ ಸಮಗಾರನೂ ಮಂತ್ರಿಯೊಡನೆ ಕುಳಿತರೆಂದು ಸಭೆಗಳಲ್ಲಿ ಭಾಷಣ ಮಾಡುವ ನಾವು, ನಮ್ಮ ನಡುಮನೆಯ ಹಾಸಿನ ಮೇಲೆ ಯಾರು ಯಾರು ಕುಳಿತಿದ್ದಾರೆಂದು ಎಣಿಸಿ ನೋಡಬೇಕು. ಇಂದು ಆ ಹರಕು ಚಾಪೆಯ ಸ್ಥಾನದಲ್ಲಿ ಬಾಗಿಲ ಹೊರಗಿನ ಪ್ಲಾಸ್ಟಿಕ್ ಕುರ್ಚಿ ಬಂದಿರುವ ಮನೆಗಳುಂಟು. ನೆಲಹಾಸನ್ನು ಕೊಳ್ಳುವಾಗ ಒಂದೇ ಹಾಸು, ಬಂದವರೆಲ್ಲರೂ ಕೂರುವಷ್ಟು ದೊಡ್ಡದು, ಮುಟ್ಟಿದರೆ ಕೊಳೆಯಾದೀತೆಂದು ಮನೆಯೊಡತಿ ಅಂಜಬೇಕಾದಷ್ಟು ನಾಜೂಕಲ್ಲದ್ದು ಎಂದು ನಿಶ್ಚಯಿಸಿ ಕೊಳ್ಳುವುದು ಲೇಸು. ಅತಿಥಿ ಬಂದಾಗ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವಂಥ ಬೆಲೆಯ ರತ್ನಗಂಬಳಿ ಗೃಹಸ್ಥನಿಗೆ ಸೇವಕನಲ್ಲ, ಯಜಮಾನ.

ಪೂಜೆಯ ಕೋಣೆಯ ಹಾಸಿನಲ್ಲಿ ಮೊದಲು ನೋಡಬೇಕಾದುದು ಬೆಂಕಿಯ ಭಯ. ದೀಪ, ಧೂಪ, ಕರ್ಪೂರ ಇರುವೆಡೆ ಪಾಲಿಪ್ರೊಪಿಲೀನ್ ಎಂಬ ಕೃತಕ ನೂಲಿನ ಹಾಸನ್ನು ಹಾಸುತ್ತಿರುವುದು ನಮಗೆ ಆತಂಕವನ್ನುಂಟುಮಾಡುತ್ತದೆ. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೇ ಕರಗತೊಡಗುತ್ತದೆ. ಕರಗಿದ ಹನಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತದು. ಕಿಡಿ ಬಿದ್ದರೆ ಕರಿಕಾಗಿ ಆರಿಹೋಗುತ್ತದೆ. ಪೂಜೆಗೆ ಉಣ್ಣೆಯ ಆಸನವೆಂದು ಹಿರಿಯರು ಹೇಳಿದುದಕ್ಕೆ ಶಾಸ್ತ್ರದ ಕಾರಣವೇನೇ ಇರಲಿ, ಈ ಒಂದು ಲೌಕಿಕ ಕಾರಣವೇ ಸಾಕು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಅಭಿಷೇಕ ಮಾಡುವಾಗ ನಾಲ್ಕು ಹನಿ ನೀರು ಚೆಲ್ಲುವುದು ಸಹಜ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನ ಹತ್ತಿರದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ. ಕುಚ್ಚಿಲ್ಲದ ಚಪ್ಪಟೆ ನೇಯ್ಗೆಯೇ ಇರಲಿ. ಕುಚ್ಚಿನೊಳಗೆ ಇಳಿದ ವಿಭೂತಿಯನ್ನು ತೆಗೆಯುವುದು ದುಸ್ತರ. ಎರಡಡಿ ಚೌಕದ ಕಂಬಳಿಯ ತುಂಡಿಗೆ ಅಂಚು ಹೊಲಿಸಿಕೊಂಡರೆ ಒಬ್ಬರ ಪೂಜೆಗೆ ಸಾಕಾಗುತ್ತದೆ.

ಇದೇ ಪ್ರಸಂಗದಲ್ಲಿ ಒಂದು ಎಚ್ಚರಿಕೆ. ಕೆಲವು ಹಳೆಯ ಮನೆಗಳಲ್ಲಿ ಜಿಂಕೆಯ, ಹುಲಿಯ ಚರ್ಮದ ಆಸನಗಳು ಪೆಟ್ಟಿಗೆಯಲ್ಲಿ ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ವಿಚಾರವು ರಾಜ್ಯದಲ್ಲೆಲ್ಲ ಸುದ್ದಿಯಾದುದು ಓದುಗರ ನೆನಪಿನಲ್ಲಿರಬಹುದು. ಕಾಯ್ದೆಯನ್ನು ಬದಿಗಿಟ್ಟರೂ, ದಯೆಯೇ ಧರ್ಮದ ಮೂಲವೆಂದು ನಂಬಿದವರಿಗೆ ಕೊಂದು ತೆಗೆದ ಚರ್ಮಕ್ಕಿಂತ, ಮತ್ತೆ ಬೆಳೆಯುವ ಉಣ್ಣೆಯ ಆಸನವೇ ಒಪ್ಪುತ್ತದೆ.

ಮಲಗುವ ಕೋಣೆಗೂ ಮಕ್ಕಳ ಕೋಣೆಗೂ ಹತ್ತಿಯ ಜಮಖಾನವೇ ಸಾಕು. ಅಡುಗೆಮನೆಗೆ ಹಾಸೇ ಬೇಡ. ನೆಲದ ಮೇಲೆ ಪಂಕ್ತಿಯಲ್ಲಿ ಉಣ್ಣುವ ಮನೆಗಳಿಗೆ ಒಂದೂವರೆ ಅಡಿ ಅಗಲದ ಉದ್ದ ಪಟ್ಟಿಗಳು ಅನುಕೂಲ. ಎಲೆಯ ಕೆಳಗೆ ಹಾಸು ಬಾರದಂತೆ ನೋಡಿಕೊಂಡರೆ ಸಾರು ಚೆಲ್ಲಿದರೂ ಒರೆಸಿಕೊಳ್ಳಬಹುದು.

ಕೊಳ್ಳುವಾಗಿನ ಮೋಸದ ಬಗ್ಗೆ ಹೇಳಬೇಕಾದುದು ಬಹಳವಿದೆ. ಹೆದ್ದಾರಿಯ ಬದಿಯಲ್ಲಿ ಹರಡಿಕೊಂಡು ಕೂರುವವರೂ ಹೆಗಲ ಮೇಲೆ ಹೊತ್ತು ಬೀದಿ ಬೀದಿ ತಿರುಗುವವರೂ ಯಂತ್ರದ ಹಾಸನ್ನು ಕಾಶ್ಮೀರದ ಕೈನೇಯ್ಗೆಯೆಂದು ಹೇಳಿ ಮಾರುವುದುಂಟು. ಹೊಟ್ಟೆಪಾಡಿಗೆ ತಿರುಗುವ ಅವರನ್ನು ನಿಂದಿಸುವುದಕ್ಕಿಂತ ನಾವು ಪರೀಕ್ಷೆಯನ್ನು ಕಲಿಯುವುದು ಮೇಲು. ಹಾಸನ್ನು ಮಗುಚಿ ಬೆನ್ನನ್ನು ನೋಡಬೇಕು. ಕೈಯಿಂದ ಗಂಟು ಹಾಕಿದ ಹಾಸಿನ ಬೆನ್ನಿನಲ್ಲಿ ಮುಂಭಾಗದ ಚಿತ್ರವೇ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳು ಒಂದೇ ಸಮನಾಗಿರುವುದಿಲ್ಲ, ಅಂಚಿನ ಕುಚ್ಚು ಹಾಸುನೂಲಿನದೇ ಮುಂದುವರಿಕೆಯಾಗಿರುತ್ತದೆ. ಬೆನ್ನಿಗೆ ಬಟ್ಟೆಯನ್ನು ಅಂಟಿಸಿದ್ದರೆ ಅದು ಗಂಟಿನ ಕೆಲಸವಲ್ಲ. ಬಟ್ಟೆಯ ಮೇಲೆ ಚುಚ್ಚಿ ನಿಲ್ಲಿಸಿದ ಎಳೆಗಳನ್ನು ರಬ್ಬರಿನ ಅಂಟು ಹಿಡಿದಿರುತ್ತದೆ. ಕೆಲವು ವರ್ಷಗಳಲ್ಲಿ ಆ ಅಂಟು ಪುಡಿಯಾಗಿ ಉದುರುತ್ತದೆ. ನೂಲು ಯಾವುದೆಂದು ತಿಳಿಯಲು ಅಂಗಡಿಯವನನ್ನು ಕೇಳಿ ಒಂದೆಳೆಯನ್ನು ಕಿತ್ತು ಹೊರಗೆ ಸುಡಬೇಕು: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುವ ಕರಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣಕ್ಕೆ ಒದ್ದೆಯ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರಾಯಿತು.

ಜಮಖಾನಕ್ಕೆ ನಮ್ಮ ನಾಡಿನಲ್ಲಿ ನವಲಗುಂದ ಪ್ರಸಿದ್ಧ. ಅಜಾತ ನಾಗಲಿಂಗಸ್ವಾಮಿಗಳ ಆ ಊರಿನಲ್ಲಿ ಮುಸಲ್ಮಾನ ಹೆಣ್ಣುಮಕ್ಕಳು ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನವಿಲು, ಪಗಡೆಹಾಸು ಮೊದಲಾದ ಚಿತ್ತಾರಗಳನ್ನು ನೇಯುತ್ತ ಬಂದಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಗಡಿಯಾಚೆ ತಮಿಳುನಾಡಿನ ಭವಾನಿಯ ಪಟ್ಟೆ ಜಮಖಾನಕ್ಕೂ ಅಂಥದೇ ಮಾನ್ಯತೆಯಿದೆ. ಕಂಬಳಿಗೆ ಚಳ್ಳಕೆರೆಯ ಪೇಟೆ ಹೆಸರಾದುದು. ಕೋಲಾರ ಸೀಮೆಯಲ್ಲಿ ಮಗ್ಗಗಳು ವಿರಳವಾಗಿವೆ. ಕುರಿಯನ್ನು ಮಾಂಸಕ್ಕಾಗಿಯೇ ಸಾಕುವುದು ಹೆಚ್ಚಿದ ಮೇಲೆ ಉಣ್ಣೆಗೆ ಬೆಲೆ ಕುಸಿದು, ಕತ್ತರಿಸುವ ಕೂಲಿಯೂ ಹುಟ್ಟದಂತಾದುದೇ ಇದಕ್ಕೆ ಮುಖ್ಯ ಕಾರಣ. ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಕಂಬಳಿಯವನು ಎದುರಾದರೆ ಚೌಕಾಸಿಗೆ ಇಳಿಯುವ ಮುನ್ನ ಅದರಲ್ಲಿ ಎಷ್ಟು ಜನರ ಎಷ್ಟು ದಿನಗಳ ದುಡಿಮೆಯಿದೆಯೆಂದು ಕೇಳಿ ತಿಳಿಯಬೇಕೆಂಬುದು ನಮ್ಮ ವಿನಂತಿ.

ಅಗ್ಗದ ಗಂಟಿನ ರತ್ನಗಂಬಳಿಯ ಹಿಂದೆ ಮತ್ತೊಂದು ಕಥೆಯಿದೆ. ಉತ್ತರಪ್ರದೇಶದ ಭದೋಹಿ, ಮಿರ್ಜಾಪುರಗಳ ಮಗ್ಗಗಳಲ್ಲಿ ಎಳೆಯ ಮಕ್ಕಳನ್ನು ಕೂರಿಸಿ ದುಡಿಸುತ್ತಿದ್ದುದು ಜಗತ್ತಿಗೇ ತಿಳಿಯಿತು. ಮಕ್ಕಳ ಬೆರಳು ಸಣ್ಣ ಗಂಟಿಗೆ ಚೆನ್ನೆಂದು ವ್ಯಾಪಾರಿಗಳು ನೆಪ ಹೇಳುತ್ತಿದ್ದರು. 1986ರ ಬಾಲಕಾರ್ಮಿಕ ಕಾಯ್ದೆಯು ರತ್ನಗಂಬಳಿ ನೇಯ್ಗೆಯನ್ನು ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. ಮುಂದೆ 2014ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ 1994ರಲ್ಲಿ, ಮಕ್ಕಳ ದುಡಿಮೆಯಿಲ್ಲದೆ ತಯಾರಾದುದೆಂದು ಸಾರುವ ರಗ್‌ಮಾರ್ಕ್ ಎಂಬ ಗುರುತುಚೀಟಿ ಬಂದಿತು. ಅದೇ ಇಂದು ಗುಡ್‌ವೀವ್ ಎಂಬ ಹೆಸರಿನಲ್ಲಿದೆ. ಕೈಗಂಟಿನ ಹಾಸನ್ನೇ ಕೊಳ್ಳುವ ಶಕ್ತಿಯಿರುವ ಗೃಹಸ್ಥರು ಬೆನ್ನಿನಲ್ಲಿ ಆ ಚೀಟಿಯಿದೆಯೇ ಎಂದು ನೋಡಲಿ. ಮಗುವಿನ ಕಣ್ಣನ್ನೂ ಬೆನ್ನನ್ನೂ ಸವೆಸಿ ಮಾಡಿಸಿದ ಕೆಲಸಕ್ಕೆ ಕಾಯಕವೆಂಬ ಹೆಸರು ಸಲ್ಲದು. ಅಂಥ ಹಾಸಿನ ಮೇಲೆ ನಮ್ಮ ಮಕ್ಕಳನ್ನು ಆಡಲು ಬಿಡುವುದು ಹೇಗೆ?

ಹಾಸಿನ ಆರೈಕೆಯೂ ಊರಿಂದ ಊರಿಗೆ ಬೇರೆ. ಶ್ರೀನಿವಾಸಪುರದ ತೋಟದ ಮನೆಗಳಲ್ಲಿ ಮಾವಿನ ಸುಗ್ಗಿಯ ತಿಂಗಳುಗಳಲ್ಲಿ ನಡುಮನೆಯ ಹಾಸನ್ನು ಎತ್ತಿಡುವುದೇ ಉಪಾಯ. ಮಾವಿನ ಸೊನೆ ಹತ್ತಿದ ಕಲೆ ಸುಲಭಕ್ಕೆ ಬಿಡುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಗಳವರು ಉಣ್ಣೆಯ ಹಾಸಿಗೆ ನುಸಿ ಹತ್ತದಂತೆ ನುಸಿಗುಳಿಗೆ ಇಡುವ ಅಭ್ಯಾಸವನ್ನು ಬಿಡಬೇಕು. ಕೀಟನಾಶಕದ ಸೋಂಕನ್ನು ರೇಷ್ಮೆ ಹುಳು ತಾಳದು. ಹಾಸು ಉಳಿಸಲು ಹೋಗಿ ಬೆಳೆಯನ್ನೇ ಕಳೆದುಕೊಳ್ಳಬೇಕಾದೀತು. ಅಂಥ ಮನೆಗಳಿಗೆ ಬಿಸಿಲೇ ಮದ್ದು. ತಿಂಗಳಿಗೊಮ್ಮೆ ಹಾಸನ್ನು ಹಗ್ಗದ ಮೇಲೆ ಹಾಕಿ, ಬೆನ್ನಿನ ಕಡೆಯಿಂದ ಬಡಿದು ಧೂಳು ಉದುರಿಸಿ, ಎರಡೂ ಮಗ್ಗುಲು ಕಾಯಿಸಿ, ಮಡಿಕೆಗಳಲ್ಲಿ ಕುಂಚವಾಡಿಸಿದರೆ ನುಸಿಯ ಮೊಟ್ಟೆ ಉಳಿಯುವುದಿಲ್ಲ. ಬಣ್ಣದ ಜಮಖಾನವನ್ನು ಮಾತ್ರ ಉರಿಬಿಸಿಲಿನಲ್ಲಿ ಬಹಳ ಹೊತ್ತು ಬಿಡಬಾರದು. ಮೊದಲ ಒಗೆತದಲ್ಲಿ ಅದು ತುಸು ಕುಗ್ಗುತ್ತದೆಯಾದುದರಿಂದ ಕೊಳ್ಳುವಾಗಲೇ ಒಂದು ಗೇಣು ಹೆಚ್ಚಿನ ಅಳತೆಯದನ್ನು ಆರಿಸಬೇಕು.

ಎತ್ತಿಡುವಾಗ ಮಡಿಸಬಾರದು, ಸುತ್ತಬೇಕು. ಮಡಿಸಿದ ಗೆರೆಯಲ್ಲಿಯೇ ನೂಲು ಮೊದಲು ತುಂಡಾಗುತ್ತದೆ. ಮಠದ ಪಾಠಶಾಲೆಯಲ್ಲಿ ಸಭೆ ಮುಗಿದ ಮೇಲೆ ಉದ್ದದ ಜಮಖಾನಗಳನ್ನು ಸುತ್ತುವ ಕೆಲಸ ವಿದ್ಯಾರ್ಥಿಗಳಾದ ನಮ್ಮದಾಗಿತ್ತು. ಇಬ್ಬರು ಎರಡು ತುದಿಯಲ್ಲಿ ಮಂಡಿಯೂರಿ, ಒಳಗೆ ಬಿದಿರಿನ ಗಳುವಿಟ್ಟು, ಸಮನಾಗಿ ಉರುಳಿಸುತ್ತ ಹೋಗುತ್ತಿದ್ದೆವು. ಕುಚ್ಚಿರುವ ಹಾಸಾದರೆ ಕುಚ್ಚು ಮಲಗಿರುವ ದಿಕ್ಕಿಗೇ ಸುತ್ತಬೇಕು. ಸುತ್ತಿದುದನ್ನು ಹಳೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ನೆಟ್ಟಗೆ ನಿಲ್ಲಿಸದೆ ಅಟ್ಟದ ಮೇಲೆ ಅಡ್ಡಲಾಗಿ ಇರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.